ಒಂದೇ ಯುದ್ಧ, ಏಳು ಕಂಚಿನ ನಾಣ್ಯ: ರೋಮನ್ ಸಂಗ್ರಹ ಶುರು ಮಾಡುವವರಿಗೆ

ರೋಮನ್ ನಾಣ್ಯ ಅಂದ ಕೂಡಲೇ ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಕಣ್ಣ ಮುಂದೆ ಬರುತ್ತದೆ. ನಮ್ಮ ಕೈಗೆ ಎಟುಕುವುದಲ್ಲ ಅನ್ನಿಸುತ್ತದೆ. ಚಿನ್ನದ ಮಟ್ಟಿಗೆ ಅದು ನಿಜ. ಕಂಚಿನ ಕಥೆ ಬೇರೆ. ಕ್ರಿ.ಶ. ನಾಲ್ಕನೇ ಶತಮಾನದಲ್ಲಿ ರೋಮನ್ನರು ಕಂಚಿನ ನಾಣ್ಯಗಳನ್ನು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದರು. ಯುರೋಪಿನ ಹೊಲಗಳಲ್ಲಿ ಅವು ಇವತ್ತಿಗೂ ಏಳುತ್ತಲೇ ಇವೆ. ಸಾಧಾರಣ ಸ್ಥಿತಿಯ ಒಂದು ನಾಣ್ಯ, ಮನೆಮಂದಿಯೆಲ್ಲ ಒಂದು ಸಲ ಹೋಟೆಲಿಗೆ ಹೋಗಿ ಬರುವ ಖರ್ಚಿನಲ್ಲಿ ಸಿಗುತ್ತದೆ.

ಹೊಸಬರು ಸಾಮಾನ್ಯವಾಗಿ ಮಾಡುವುದು ಒಂದೇ. ಒಬ್ಬೊಬ್ಬ ಚಕ್ರವರ್ತಿಯದೂ ಒಂದೊಂದು ನಾಣ್ಯ ಕೂಡಿಸಲು ಹೊರಡುತ್ತಾರೆ. ನಾನೂ ಹಾಗೇ ಹೊರಟಿದ್ದೆ. ಎರಡು ವರ್ಷ ಕಳೆದರೂ ನನ್ನ ಡಬ್ಬಿಯಲ್ಲಿ ಇದ್ದದ್ದು ಒಂದಕ್ಕೊಂದು ಸಂಬಂಧವಿಲ್ಲದ ಮೂವತ್ತು ಮುಖ. ಆಮೇಲೆ ದಾರಿ ಬದಲಿಸಿದೆ. ಒಂದು ಯುದ್ಧವನ್ನು ಹಿಡಿದೆ. ಅದು ನಡೆದ ಕ್ರಮದಲ್ಲೇ ನಾಣ್ಯ ಕೊಂಡೆ. ಈ ಲೇಖನದಲ್ಲಿ ಹೇಳುವುದು ಆ ದಾರಿಯನ್ನೇ.

ಹೆಜ್ಜೆ 1: ಯುದ್ಧವನ್ನು ಆರಿಸಿಕೊಳ್ಳಿ

ನನ್ನ ಸಲಹೆ 350ರಿಂದ 353ರ ಅಂತರ್ಯುದ್ಧ. ನಾಲ್ಕು ವರ್ಷದೊಳಗೆ ಮುಗಿದ ಜಗಳ. ಒಬ್ಬಿಬ್ಬರನ್ನು ಬಿಟ್ಟರೆ ಪಾತ್ರಧಾರಿಗಳೆಲ್ಲರ ನಾಣ್ಯ ಮಾರುಕಟ್ಟೆಯಲ್ಲಿದೆ. ಹೆಚ್ಚಿನವು ಅಗ್ಗ.

ಕಥೆ ಹೀಗಿದೆ. ಚಕ್ರವರ್ತಿ ಕಾನ್‌ಸ್ಟಂಟೈನ್ 337ರಲ್ಲಿ ತೀರಿಕೊಂಡ. ಮೂರು ಮಕ್ಕಳು ಸಾಮ್ರಾಜ್ಯ ಹಂಚಿಕೊಂಡರು. ದಾಯಾದಿ ಜಗಳ ಅಲ್ಲಿಯೂ ತಪ್ಪಲಿಲ್ಲ. 340ರಲ್ಲಿ ಹಿರಿಯವನು ಕಿರಿಯ ತಮ್ಮನ ಪಾಲಿನ ನೆಲಕ್ಕೆ ನುಗ್ಗಿ ಅಲ್ಲೇ ಸತ್ತ. ಪಶ್ಚಿಮ ಪೂರ್ತಿ ಆ ತಮ್ಮ ಕಾನ್‌ಸ್ಟನ್ಸ್‌ನ ಕೈಗೆ ಬಂತು. ಪೂರ್ವ ಎರಡನೇ ಕಾನ್‌ಸ್ಟಾಂಟಿಯಸ್‌ನದು. 350ರ ಜನವರಿ 18ರಂದು, ಇಂದಿನ ಫ್ರಾನ್ಸಿನ ಓತಾಂ ಊರಿನಲ್ಲಿ, ಮ್ಯಾಗ್ನೆಂಟಿಯಸ್ ಎಂಬ ಸೇನಾಧಿಕಾರಿ ತಾನೇ ಚಕ್ರವರ್ತಿ ಎಂದು ಘೋಷಿಸಿಕೊಂಡ. ಕಾನ್‌ಸ್ಟನ್ಸ್ ಓಡಿದ. ಅವನನ್ನು ಬೆನ್ನಟ್ಟಿ ಕೊಂದರು.

ಅಣ್ಣ ಕಾನ್‌ಸ್ಟಾಂಟಿಯಸ್ ಆಗ ಪೂರ್ವದ ಗಡಿಯಲ್ಲಿ ಪರ್ಷಿಯನ್ನರ ಜೊತೆ ಸಿಕ್ಕಿಹಾಕಿಕೊಂಡಿದ್ದ. ಅವನು ಬರುವಷ್ಟರಲ್ಲಿ ಇನ್ನೂ ಇಬ್ಬರು ಎದ್ದರು. ಡ್ಯಾನ್ಯೂಬ್ ಕಡೆಯ ಸೈನ್ಯ ಮಾರ್ಚ್ 1ರಂದು ವೆಟ್ರಾನಿಯೊ ಎಂಬ ಮುದಿ ಸೇನಾಪತಿಗೆ ಪಟ್ಟ ಕಟ್ಟಿತು. ರೋಮ್ ನಗರದಲ್ಲಿ ನೆಪೋಟಿಯನ್ ಎಂಬವನು ಜೂನ್‌ನಲ್ಲಿ ಇಪ್ಪತ್ತೆಂಟು ದಿನ ಆಳಿ ಸತ್ತ. ವೆಟ್ರಾನಿಯೊ ಅದೇ ಡಿಸೆಂಬರಿನಲ್ಲಿ, ಸೈನ್ಯದ ಎದುರಿಗೇ ಕಿರೀಟ ಇಳಿಸಿಟ್ಟು ನಿವೃತ್ತನಾದ. ಜೀವ ಉಳಿಯಿತು. ಆ ಕಾಲಕ್ಕೆ ಅದು ದೊಡ್ಡ ಮಾತು.

351ರ ಸೆಪ್ಟೆಂಬರ್ 28ರಂದು ಮುರ್ಸಾದಲ್ಲಿ, ಅಂದರೆ ಇಂದಿನ ಕ್ರೊಯೇಷಿಯಾದ ಓಸಿಯೆಕ್‌ನಲ್ಲಿ, ಕಾನ್‌ಸ್ಟಾಂಟಿಯಸ್ ಮತ್ತು ಮ್ಯಾಗ್ನೆಂಟಿಯಸ್ ಸೈನ್ಯಗಳು ಎದುರಾದವು. ಸತ್ತವರು 54,000 ಎಂದು ಹಳೆಯ ಇತಿಹಾಸಕಾರನೊಬ್ಬ ಬರೆದಿದ್ದಾನೆ. ಆ ಸಂಖ್ಯೆಯನ್ನು ಹಾಗೇ ನಂಬಬೇಕಿಲ್ಲ. ಆದರೆ ರೋಮನ್ನರೇ ರೋಮನ್ನರನ್ನು ಈ ಪರಿ ಕೊಂದ ದಿನಗಳು ಕಡಿಮೆ. ಮ್ಯಾಗ್ನೆಂಟಿಯಸ್ ಹಿಮ್ಮೆಟ್ಟಿದ. 352ರಲ್ಲಿ ಇಟಲಿ ಕಳೆದುಕೊಂಡ. 353ರ ಆಗಸ್ಟ್ 10ರಂದು ಲಿಯೋನ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ಜೊತೆ ಸೀಸರ್, ಅಂದರೆ ಕಿರಿಯ ಪಟ್ಟದವನು, ಆಗಿದ್ದ ಡೆಸೆಂಟಿಯಸ್ ಎಂಟು ದಿನದ ನಂತರ ನೇಣು ಹಾಕಿಕೊಂಡ.

ಇಷ್ಟು ತಲೆಯಲ್ಲಿದ್ದರೆ ಸಾಕು. ಮುಂದಿನದನ್ನು ನಾಣ್ಯವೇ ಹೇಳುತ್ತದೆ.

ಹೆಜ್ಜೆ 2: ಏಳು ನಾಣ್ಯಗಳ ಪಟ್ಟಿ ಬರೆದುಕೊಳ್ಳಿ

ಪಟ್ಟಿ ಇಲ್ಲದೆ ಅಂಗಡಿಗೆ ಹೋದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ನಾಣ್ಯದಲ್ಲೂ ಅದೇ ಪಾಡು.

ಮೊದಲನೆಯದು ಯುದ್ಧಕ್ಕೆ ಮುಂಚಿನದು. 348ರ ಸುಮಾರಿಗೆ ಕಾನ್‌ಸ್ಟನ್ಸ್ ಮತ್ತು ಅವನ ಅಣ್ಣ ಹೊಸ ದೊಡ್ಡ ಕಂಚಿನ ನಾಣ್ಯ ತಂದರು. ಹಿಂಬದಿಯಲ್ಲಿ 'ಫೆಲ್ ಟೆಂಪ್ ರೆಪರಾಟಿಯೊ' ಎಂಬ ಬರಹ. ಒಳ್ಳೆಯ ಕಾಲ ಮರಳಿ ಬಂತು ಎಂಬ ಅರ್ಥ. ಎರಡು ವರ್ಷದಲ್ಲಿ ಬಂದದ್ದು ಯುದ್ಧ! ಕಾನ್‌ಸ್ಟನ್ಸ್‌ನ ನಾಣ್ಯಗಳಲ್ಲಿ ಹಡಗಿನ ಮೇಲೆ ನಿಂತ ರಾಜ, ಗೋಳದ ಮೇಲೆ ಕೂತ ಫೀನಿಕ್ಸ್ ಹಕ್ಕಿ, ಗುಡಿಸಲಿನಿಂದ ಒಬ್ಬನನ್ನು ಕೈ ಹಿಡಿದು ಹೊರಗೆ ಕರೆತರುವ ಸೈನಿಕ, ಹೀಗೆ ಹಲವು ಚಿತ್ರಗಳಿವೆ. ಯಾವುದಾದರೂ ಒಂದು ಸಾಕು. ನನಗೆ ಗುಡಿಸಲಿನದೇ ಇಷ್ಟ. ಪಕ್ಕದಲ್ಲಿ ಒಂದು ಮರವೂ ಇರುತ್ತದೆ.

ಎರಡನೆಯದು ಮ್ಯಾಗ್ನೆಂಟಿಯಸ್‌ನ ಶುರುವಿನ ನಾಣ್ಯ. 'ಫೆಲಿಸಿಟಾಸ್ ರೀಪಬ್ಲಿಸೆ' ಎಂಬ ಬರಹ ಇರುವುದು, ಅಥವಾ ಕುದುರೆಯ ಮೇಲೆ ಕೂತು ಈಟಿ ಬೀಸುವ 'ಗ್ಲೋರಿಯಾ ರೊಮಾನೋರುಂ'. ಅವನನ್ನು ಗುರುತಿಸುವುದು ಸುಲಭ. ಕಾನ್‌ಸ್ಟನ್ಸ್, ಕಾನ್‌ಸ್ಟಾಂಟಿಯಸ್ ಇವರ ತಲೆಯ ಮೇಲೆ ಸಾಮಾನ್ಯವಾಗಿ ಮಣಿಪಟ್ಟಿ ಇರುತ್ತದೆ. ಇವನದು ಬರಿದಲೆ. ಕುತ್ತಿಗೆ ದಪ್ಪ. ತಲೆಯ ಹಿಂದೆ ಅನೇಕ ಸಲ 'ಎ' ಎಂಬ ಒಂಟಿ ಅಕ್ಷರ.

ಮೂರನೆಯದು ವೆಟ್ರಾನಿಯೊ ಕಾಲದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವನ ಸಿಸಿಯಾ ಟಂಕಸಾಲೆಯಿಂದ 'ಹೋಕ್ ಸಿಗ್ನೊ ವಿಕ್ಟರ್ ಎರಿಸ್' ಎಂಬ ನಾಣ್ಯ ಬಂತು. ಈ ಗುರುತಿನಿಂದ ನೀನು ಗೆಲ್ಲುವೆ ಎಂದರ್ಥ. ಕಾನ್‌ಸ್ಟಂಟೈನ್ 312ರಲ್ಲಿ ಕಂಡನೆಂದು ಹೇಳುವ ಕನಸಿನ ಮಾತು ಇದು. ರಾಜ ಕ್ರೈಸ್ತ ಗುರುತಿನ ಬಾವುಟ ಹಿಡಿದು ನಿಂತಿದ್ದಾನೆ. ಹಿಂದಿನಿಂದ ವಿಜಯದೇವತೆ ಮಾಲೆ ತೊಡಿಸುತ್ತಿದ್ದಾಳೆ. ವೆಟ್ರಾನಿಯೊ ಆಳಿದ್ದು ಹತ್ತೇ ತಿಂಗಳು, ಹಾಗಾಗಿ ಅವನ ಹೆಸರಿನ ನಾಣ್ಯ ದುಬಾರಿ. ಆದರೆ ಅವನು ಜಾಣ. ಕಾನ್‌ಸ್ಟಾಂಟಿಯಸ್‌ಗೆ ಬೇಜಾರಾಗಬಾರದು ಅಂತ ಇದೇ ಚಿತ್ರವನ್ನು ಅವನ ಹೆಸರಿನಲ್ಲೂ ಹೊಡೆಸಿದ. ಆ ನಾಣ್ಯ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನೇ ಕೊಳ್ಳಿ.

ನಾಲ್ಕನೆಯದು ಇಬ್ಬರು ವಿಜಯದೇವತೆಯರು ಗುರಾಣಿ ಹಿಡಿದಿರುವ ನಾಣ್ಯ. ಮ್ಯಾಗ್ನೆಂಟಿಯಸ್ ಅಥವಾ ಡೆಸೆಂಟಿಯಸ್ ಯಾರದಾದರೂ ಆದೀತು. ಗುರಾಣಿಯ ಮೇಲೆ ಐದು ವರ್ಷದ ಹರಕೆ, ಮುಂದೆ ಹತ್ತು ವರ್ಷ ಆಳುವ ಆಸೆ ಬರೆದಿದೆ. ಐದು ವರ್ಷವೂ ಇಬ್ಬರಿಗೂ ಸಿಗಲಿಲ್ಲ.

ಐದನೆಯದೇ ಈ ಸಂಗ್ರಹದ ಕಿರೀಟ. ಮ್ಯಾಗ್ನೆಂಟಿಯಸ್‌ನ 353ರ ಕೈ-ರೋ ನಾಣ್ಯ. ಕ್ರಿಸ್ತನ ಹೆಸರಿನ ಮೊದಲ ಎರಡು ಗ್ರೀಕ್ ಅಕ್ಷರ ಹೆಣೆದ ಗುರುತು ಹಿಂಬದಿಯನ್ನು ಪೂರ್ತಿ ತುಂಬಿದೆ. ಅಕ್ಕಪಕ್ಕ ಆಲ್ಫಾ, ಒಮೆಗಾ. ಅದಕ್ಕೆ ಮುಂಚೆ ಈ ಗುರುತು ಬಾವುಟದ ಮೇಲೋ ಮೂಲೆಯಲ್ಲೋ ಚಿಕ್ಕದಾಗಿ ಬರುತ್ತಿತ್ತು. ಇಡೀ ನಾಣ್ಯ ಅದಕ್ಕೇ ಬಿಟ್ಟುಕೊಟ್ಟದ್ದು ಸೋಲುತ್ತಿದ್ದ ಈ ಮನುಷ್ಯ. ಅಗಲ ಸುಮಾರು 27 ಮಿಲಿಮೀಟರ್, ಒಳ್ಳೆಯದರ ತೂಕ ಸುಮಾರು 8 ಗ್ರಾಂ. ಅದೇ ಚಿತ್ರದ ಹಗುರ ನಾಣ್ಯಗಳೂ ಇವೆ. ನೋಡಲು ದೊಡ್ಡದು, ಆದರೆ ಹಳೆಯ ದೊಡ್ಡ ನಾಣ್ಯಗಳಲ್ಲಿ ಬೆರೆಸುತ್ತಿದ್ದ ಅಷ್ಟಿಷ್ಟು ಬೆಳ್ಳಿ ಇದರಲ್ಲಿ ಇಲ್ಲ. ಖಜಾನೆ ಬರಿದಾಗಿತ್ತು ಅಂತ ಬೇರೆ ಯಾರೂ ಹೇಳಬೇಕಿಲ್ಲ. ಚೆನ್ನಾಗಿರುವುದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಇದನ್ನು ಕೊನೆಯಲ್ಲಿ ಕೊಳ್ಳಿ, ಅವಸರ ಬೇಡ.

ಆರನೆಯದು ಆಸೆ ಇದ್ದವರಿಗೆ ಮಾತ್ರ. ಕೊನೆಗಾಲದಲ್ಲಿ ಟ್ರಿಯರ್ ನಗರ ಪೊಮೇನಿಯಸ್ ಎಂಬವನ ಮುಂದಾಳುತನದಲ್ಲಿ ಮ್ಯಾಗ್ನೆಂಟಿಯಸ್‌ನ ಸೀಸರ್ ಡೆಸೆಂಟಿಯಸ್‌ಗೆ ಬಾಗಿಲು ಮುಚ್ಚಿತು. ಅಲ್ಲಿನ ಟಂಕಸಾಲೆ ಅದೇ ಕೈ-ರೋ ಚಿತ್ರವನ್ನು ಶತ್ರು ಕಾನ್‌ಸ್ಟಾಂಟಿಯಸ್‌ನ ಹೆಸರಿನಲ್ಲಿ ಹೊಡೆಯಿತು. ಪಕ್ಷಾಂತರವನ್ನು ಕಂಚಿನಲ್ಲಿ ನೋಡಬೇಕೆಂದರೆ ಇದು. ಅಪರೂಪ. ಕಾಯಬೇಕು.

ಏಳನೆಯದು ಗೆದ್ದವನದು. ಕಾನ್‌ಸ್ಟಾಂಟಿಯಸ್‌ನ ಬೀಳುವ ಕುದುರೆ ಸವಾರ. ಸೈನಿಕನೊಬ್ಬ ಕುದುರೆಯಿಂದ ಉರುಳುತ್ತಿರುವ ಶತ್ರುವಿಗೆ ಈಟಿ ಚುಚ್ಚುತ್ತಿದ್ದಾನೆ. ರೋಮನ್ ಕಂಚಿನಲ್ಲಿ ಇಷ್ಟು ಅಗ್ಗವಾಗಿ ಸಿಗುವುದು ಬೇರೆ ಕಡಿಮೆ. ಎರಡು ಕೊಳ್ಳಿ. ಒಂದು 350ಕ್ಕೆ ಮುಂಚಿನ ದೊಡ್ಡದು, ನಾಲ್ಕೂವರೆ, ಐದು ಗ್ರಾಂನದು. ಇನ್ನೊಂದು 355ರ ಆಚೆಯದು, ಎರಡು ಎರಡೂವರೆ ಗ್ರಾಂನದು. ಅದೇ ಚಿತ್ರ, ಅದೇ ಬರಹ, ತೂಕ ಅರ್ಧ. ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಯುದ್ಧದ ಖರ್ಚು ಯಾರು ಕೊಟ್ಟರು ಅಂತ ತಿಳಿಯುತ್ತದೆ.

ಜೊತೆಗೆ ಒಂದು ಪುಕ್ಕಟೆ ಸಲಹೆ. ಯುದ್ಧ ಮುಗಿದ ಮೇಲೆ ಬ್ರಿಟನ್, ಗಾಲ್ ಕಡೆ ಚಿಲ್ಲರೆಗೆ ತತ್ವಾರ ಬಂತು. ಜನ ತಾವೇ ಕುದುರೆ ಸವಾರನ ನಕಲು ಹೊಡೆದುಕೊಂಡರು. ಬೆರಳುಗುರಿನಷ್ಟು ಗಾತ್ರ, ಓದಲು ಬಾರದವರು ಗೀಚಿದಂಥ ಅಕ್ಷರ, ಕಡ್ಡಿಗೊಂಬೆಯಂಥ ಸೈನಿಕ. ಕೆಲವನ್ನು ಹಳೆಯ ನಾಣ್ಯದ ಮೇಲೇ ಹೊಡೆದಿದ್ದಾರೆ. ಮಾರುವವರು ಇವನ್ನು ಕಸದ ಜೊತೆ ಹಾಕಿರುತ್ತಾರೆ. ನಾನು ಬಿಡುವುದಿಲ್ಲ.

ಹೆಜ್ಜೆ 3: ಓದಲು ಕಲಿಯಿರಿ

ಲ್ಯಾಟಿನ್ ಬರಬೇಕಿಲ್ಲ. ಬೋರ್ಡು ಓದುವಷ್ಟು ಇಂಗ್ಲಿಷ್ ಅಕ್ಷರ ಗೊತ್ತಿದ್ದರೆ ಆಯಿತು. 'ಯು' ಇರಬೇಕಾದ ಕಡೆ 'ವಿ' ಇರುತ್ತದೆ ಅನ್ನುವುದನ್ನು ಮಾತ್ರ ನೆನಪಿಡಿ.

ಮುಂಬದಿಯ ಬರಹ 'ಡಿ ಎನ್' ಎಂದು ಶುರುವಾದರೆ ನಮ್ಮ ಒಡೆಯ ಎಂದರ್ಥ. ಆಮೇಲೆ ಹೆಸರು. ಕೊನೆಗೆ 'ಪಿ ಎಫ್ ಎವಿಜಿ' ಇದ್ದರೆ ಅವನು ಪೂರ್ಣ ಚಕ್ರವರ್ತಿ. 'ನೋಬ್ ಸೀಸ್' ಇದ್ದರೆ ಸೀಸರ್, ಅಂದರೆ ಕಿರಿಯ ಪಟ್ಟದವನು. ಕಾನ್‌ಸ್ಟಾಂಟಿಯಸ್ ಎಂಬ ಹೆಸರು ಕಂಡ ಕೂಡಲೇ ತೀರ್ಮಾನ ಮಾಡಬೇಡಿ. 351ರಲ್ಲಿ ಸೀಸರ್ ಆದ ಗ್ಯಾಲಸ್‌ನ ನಾಣ್ಯದ ಮೇಲೂ ಅದೇ ಹೆಸರು. ಅವನಿಗೂ ಬರಿದಲೆ.

ಇನ್ನು ಹಿಂಬದಿ. ಚಿತ್ರದ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಪುಟ್ಟ ಅಕ್ಷರಗಳು. ಟಂಕಸಾಲೆಯ ಗುರುತು ಅದು. 'ಟಿಆರ್' ಟ್ರಿಯರ್. 'ಎಎಂಬಿ' ಅಮಿಯೆನ್, ಈ ಟಂಕಸಾಲೆ ತೆರೆದವನೇ ಮ್ಯಾಗ್ನೆಂಟಿಯಸ್. ಕೊನೆಯಲ್ಲಿ 'ಎಲ್‌ಜಿ' ಇದ್ದರೆ ಲಿಯೋನ್. 'ಎಕ್ಯೂ' ಅಕ್ವಿಲೇಯಾ. 'ಎಸ್‌ಐಎಸ್' ಸಿಸಿಯಾ. ಎಡವುವ ಜಾಗ ಒಂದಿದೆ. 'ಕಾನ್ಸ್' ಅಂದರೆ ಕಾನ್‌ಸ್ಟಾಂಟಿನೋಪಲ್. ಆದರೆ 'ಪಿ' ಅಥವಾ 'ಎಸ್' ಮುಂದಿಟ್ಟು 'ಕಾನ್' ಎಂದಿದ್ದರೆ ಅದು ಫ್ರಾನ್ಸಿನ ಆರ್ಲ್. ಆ ಊರಿಗೆ ಕಾನ್‌ಸ್ಟಾಂಟಿನಾ ಎಂಬ ಹೆಸರೂ ಇತ್ತು. ಮಾರುವವರೇ ಇಲ್ಲಿ ಎಷ್ಟೋ ಸಲ ತಪ್ಪು ಬರೆದಿರುತ್ತಾರೆ.

ಈ ಪುಟ್ಟ ಅಕ್ಷರಗಳನ್ನು ಕಡೆಗಣಿಸಬೇಡಿ. ಅಕ್ವಿಲೇಯಾ ಗುರುತಿನ ಮ್ಯಾಗ್ನೆಂಟಿಯಸ್ ನಾಣ್ಯ ನಿಮ್ಮ ಕೈಯಲ್ಲಿದ್ದರೆ ಅದು ಇಟಲಿ ಕೈತಪ್ಪುವ ಮುಂಚಿನದು, ಅಂದರೆ 352ರ ಒಳಗಿನದು. ಅದೇ ಊರಿನ ಗುರುತಿನ ಜೊತೆ ಕಾನ್‌ಸ್ಟಾಂಟಿಯಸ್‌ನ ಸಣ್ಣ ಕುದುರೆ ಸವಾರ ಇದ್ದರೆ ಅದು ಆಮೇಲಿನದು. ಮುಖ ಮಿರಮಿರ ಮಿನುಗುವ ಆದರೆ ಗುರುತು ಸವೆದ ನಾಣ್ಯಕ್ಕಿಂತ, ಮೂಗು ಸವೆದರೂ ಗುರುತು ಓದಬಹುದಾದ ನಾಣ್ಯವನ್ನೇ ನಾನು ಕೊಳ್ಳುತ್ತೇನೆ.

ಗುರುತು ಹಿಡಿದ ಮೇಲೆ ಒಸಿಆರ್‌ಇ ಎಂಬ ಪುಕ್ಕಟೆ ಜಾಲತಾಣದಲ್ಲಿ ಹುಡುಕಿ. ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಸೊಸೈಟಿ ನಡೆಸುವುದು. ಚಕ್ರವರ್ತಿ, ಊರು, ಬರಹ ಕೊಟ್ಟರೆ ಚಿತ್ರದ ಸಮೇತ ಆರ್‌ಐಸಿ, ಅಂದರೆ ರೋಮನ್ ನಾಣ್ಯಗಳ ದೊಡ್ಡ ಪಟ್ಟಿ ಪುಸ್ತಕದ, ಸಂಖ್ಯೆ ಸಿಗುತ್ತದೆ. ಈ ಯುದ್ಧದ ನಾಣ್ಯಗಳು ಆರ್‌ಐಸಿಯ ಎಂಟನೇ ಸಂಪುಟದಲ್ಲಿವೆ.

ಹೆಜ್ಜೆ 4: ಮೂರು ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, ಅಂದರೆ ವಜ್ರದ ವ್ಯಾಪಾರಿಗಳು ಕಣ್ಣಿಗೆ ಹಿಡಿಯುವ ಭೂತಗನ್ನಡಿ. ಎರಡು ದಶಮಾಂಶದವರೆಗೆ ತೂಗುವ ಚಿಕ್ಕ ತಕ್ಕಡಿ. ಅಳತೆಗೆ ಕ್ಯಾಲಿಪರ್, ಪ್ಲಾಸ್ಟಿಕ್ಕಿನದೇ ಆಗಲಿ, ಲೋಹದ್ದು ನಾಣ್ಯವನ್ನು ಗೀರುತ್ತದೆ. ಬೇರೇನೂ ಬೇಡ.

ಹೆಜ್ಜೆ 5: ಕೊಳ್ಳುವಾಗ

ನನ್ನ ಮೊದಲ ಮ್ಯಾಗ್ನೆಂಟಿಯಸ್ ನಕಲಿ. ಆನ್‌ಲೈನ್‌ನಲ್ಲಿ ಎಲೆಹಸಿರು ಬಣ್ಣದ ನಾಣ್ಯ ನೋಡಿ ಮರುಳಾದೆ. ಬಂದ ಮೇಲೆ ತೂಗಿದರೆ ಇರಬೇಕಾದ್ದಕ್ಕಿಂತ ಒಂದೂವರೆ ಗ್ರಾಂ ಕಮ್ಮಿ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಹಸಿರು ಹತ್ತಿಗೆ ಬಂತು. ನಿಜವಾದ ಕಿಲುಬು ಲೋಹದಿಂದಲೇ ಹುಟ್ಟಿದ್ದು, ಅಸಿಟೋನ್‌ಗೆ ಜಗ್ಗುವುದಿಲ್ಲ. ಬಣ್ಣ ಜಗ್ಗುತ್ತದೆ.

ರೋಮನ್ನರು ನಾಣ್ಯವನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ನಕಲಿಗಳಲ್ಲಿ ಹೆಚ್ಚಿನವು ಎರಕ ಹೊಯ್ದವು. ವ್ಯತ್ಯಾಸ ಅಂಚಿನಲ್ಲಿ ಸಿಗುತ್ತದೆ. ಎರಕದ್ದಾದರೆ ಸುತ್ತಲೂ ಸಣ್ಣ ಬೆಸುಗೆ ಗೆರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು. ಬಯಲಿನಲ್ಲಿ, ಅಂದರೆ ಚಿತ್ರವಿಲ್ಲದ ಖಾಲಿ ಜಾಗದಲ್ಲಿ, ಗುಳ್ಳೆಯಂಥ ಪುಟ್ಟ ತೂತುಗಳು. ಅಕ್ಷರಗಳ ಅಂಚು ಬೆಣ್ಣೆಯಲ್ಲಿ ಬರೆದ ಹಾಗೆ ಮೆತ್ತಗೆ. ಹೊಡೆದ ನಾಣ್ಯದ ಅಂಚಿನಲ್ಲಿ ಸಣ್ಣ ಬಿರುಕುಗಳಿದ್ದರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ಒಬ್ಬನೇ ವ್ಯಾಪಾರಿ ಒಂದೇ ಕಡೆ ಒಂದೇ ಚುಕ್ಕೆ ಇರುವ ಎರಡು ನಾಣ್ಯ ಇಟ್ಟಿದ್ದರೆ ಎದ್ದು ಬನ್ನಿ. ಕೈ-ರೋ ನಾಣ್ಯಕ್ಕೆ ಬೇಡಿಕೆ ಜಾಸ್ತಿ, ಅದಕ್ಕೇ ನಕಲಿಯೂ ಜಾಸ್ತಿ. ಅದನ್ನು ಹೆಸರುವಾಸಿ ಹರಾಜು ಮನೆಯಿಂದ, ವಾಪಸ್ ತೆಗೆದುಕೊಳ್ಳುವ ಖಾತರಿ ಇದ್ದರೆ ಮಾತ್ರ ಕೊಳ್ಳಿ.

ಅಸಲಿಯಲ್ಲೂ ಮೋಸ ಉಂಟು. ಸವೆದ ನಾಣ್ಯದ ಕೂದಲು, ಬಟ್ಟೆಯ ಮಡಿಕೆಗಳನ್ನು ಸೂಜಿಯಿಂದ ಹೊಸದಾಗಿ ಕೊರೆದಿರುತ್ತಾರೆ. ಲೂಪ್‌ನಲ್ಲಿ ನೋಡಿದರೆ ಗೆರೆಗಳು ಅತಿ ಚೂಪು, ಸುತ್ತಲಿನ ಬಯಲು ಅತಿ ನುಣುಪು.

ನಮ್ಮ ನಾಡಿನ ಬಗ್ಗೆ ಒಂದು ಎಚ್ಚರಿಕೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ನಾಣ್ಯ ಸಿಕ್ಕಿದ್ದು ನಿಜ. ಆದರೆ ಅವು ಬೆಳ್ಳಿಯವು, ಈ ಯುದ್ಧಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯವು. ನಾಲ್ಕನೇ ಐದನೇ ಶತಮಾನದ ಸಣ್ಣ ರೋಮನ್ ಕಂಚು ರಾಶಿಯಾಗಿ ಸಿಕ್ಕಿರುವುದು ತಮಿಳುನಾಡಿನ ಕರೂರು, ಮದುರೆ ಕಡೆ ಮತ್ತು ಶ್ರೀಲಂಕಾದಲ್ಲಿ. ಹೆಚ್ಚಿನವು ಸವೆದು ಬಿಲ್ಲೆಯಾಗಿವೆ. "ನಮ್ಮ ಹೊಲದಲ್ಲೇ ಸಿಕ್ತು ಸಾರ್" ಎಂದು ಯಾರಾದರೂ ಹೊಳೆಯುವ ಮ್ಯಾಗ್ನೆಂಟಿಯಸ್ ತೋರಿಸಿದರೆ ನಕ್ಕು ಮುಂದೆ ಹೋಗಿ.

ಹೆಜ್ಜೆ 6: ಕಾನೂನು

ಭಾರತದಲ್ಲಿ ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ಲೆಕ್ಕದಲ್ಲಿ ಪುರಾವಸ್ತು. ಅದನ್ನು ನೀವಾಗಿಯೇ ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ವಿದೇಶದಲ್ಲಿ ಕೊಂಡು ತಂದ ನಾಣ್ಯವನ್ನು ಆಮೇಲೆ ಅಲ್ಲಿಗೇ ಮಾರುತ್ತೇನೆ ಎಂಬ ಯೋಚನೆ ಇದ್ದರೆ ಬಿಟ್ಟುಬಿಡಿ. ತರಿಸುವಾಗ ಕಸ್ಟಮ್ಸ್‌ಗೆ ನಿಜವಾದ ಬೆಲೆ ಬರೆಸಿ. 'ಗಿಫ್ಟ್' ಅಂತ ಬರೆದು ಕಳಿಸುತ್ತೇನೆ ಎನ್ನುವ ವ್ಯಾಪಾರಿ ಬೇಡ. ಇಲ್ಲಿ ನೆಲದಲ್ಲಿ ಸಿಕ್ಕ ನಿಧಿಗೆ 1878ರ ನಿಧಿ ಕಾಯ್ದೆ ಇದೆ. ಹತ್ತು ರೂಪಾಯಿ ಮೀರಿದ್ದನ್ನು ಸರ್ಕಾರಕ್ಕೆ ತಿಳಿಸಲೇಬೇಕು.

ಹೊರದೇಶದಲ್ಲಿರುವ ಕನ್ನಡಿಗರಿಗೂ ಎರಡು ಮಾತು. ಇಂಗ್ಲೆಂಡಿನಲ್ಲಿದ್ದರೆ ನೀವು ಪುಣ್ಯವಂತರು. ಹೊಲದಲ್ಲಿ ಸಿಕ್ಕ ನಾಣ್ಯಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ 1997ರಿಂದ ಅಲ್ಲಿದೆ. ಅದರ ಸಂಖ್ಯೆ ಇರುವ ನಾಣ್ಯ ಕೊಂಡರೆ ಯಾವ ಊರಿನ ಬಳಿ ಸಿಕ್ಕಿತು ಅಂತ ತಿಳಿಯುತ್ತದೆ. ಅಮೆರಿಕದಲ್ಲಿ ಇಟಲಿ, ಬಲ್ಗೇರಿಯಾ ಮುಂತಾದ ದೇಶಗಳಿಂದ ಬರುವ ಕೆಲವು ಬಗೆಯ ಹಳೆಯ ನಾಣ್ಯಗಳಿಗೆ ಆಮದು ನಿರ್ಬಂಧವಿದೆ. ಟರ್ಕಿಗೆ ಪ್ರವಾಸ ಹೋದಾಗ ಪಾಳುಗುಡಿಯ ಬಳಿ ಹುಡುಗರು ಮಾರುವ ನಾಣ್ಯ ಜೇಬಿಗೆ ಹಾಕಬೇಡಿ. ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ಏರ್‌ಪೋರ್ಟಿನಲ್ಲಿ ಪೊಲೀಸ್.

ಮಣ್ಣು ಮೆತ್ತಿದ ನಾಣ್ಯಗಳನ್ನು ಕಿಲೋ ಲೆಕ್ಕದಲ್ಲಿ ಮಾರುವವರೂ ಇದ್ದಾರೆ. ಆಸೆಯಾಗುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ಕಳ್ಳ ಅಗೆತದ್ದು. ಎಲ್ಲಿ, ಯಾವ ನಾಣ್ಯದ ಜೊತೆ ಸಿಕ್ಕಿತು ಎಂಬ ಸುದ್ದಿಯೇ ಅಳಿಸಿಹೋಗಿರುತ್ತದೆ. ನಾನು ಈಗ ಕೊಳ್ಳುವುದಿಲ್ಲ.

ಹೆಜ್ಜೆ 7: ಹುಣಸೆಹಣ್ಣು ದೂರವಿಡಿ

ಕಂಚು ಕಂಡರೆ ತಿಕ್ಕಿ ಬೆಳಗುವುದು ನಮ್ಮ ರಕ್ತದಲ್ಲೇ ಇದೆ. ನನ್ನ ಅಮ್ಮ ಒಂದು ನಾಣ್ಯವನ್ನು ದೇವರ ಪಾತ್ರೆಗಳ ಜೊತೆ ಹುಣಸೆಹಣ್ಣು ಹಾಕಿ ಉಜ್ಜಿ, ಪಳಪಳ ಮಾಡಿ, ನನಗೆ ಖುಷಿಯಾಗಲಿ ಅಂತ ತಂದುಕೊಟ್ಟಳು. ಏನು ಹೇಳುವುದು? ಹುಣಸೆ, ನಿಂಬೆ, ವಿನೆಗರ್, ಪಾತ್ರೆ ಪುಡಿ ಯಾವುದೂ ಬೇಡ. ಹುಳಿ ತಾಗಿದರೆ ಪೊರೆಯ ಜೊತೆ ಅಕ್ಷರವೂ ಹೋಗುತ್ತದೆ. ಮಣ್ಣಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ. ವಾರಗಟ್ಟಲೆ ಆಗಬಹುದು.

ನಿಜವಾದ ಶತ್ರು ಕಂಚಿನ ರೋಗ. ಲೋಹದೊಳಗೆ ಸೇರಿದ ಉಪ್ಪಿನಂಶಕ್ಕೆ ಗಾಳಿಯ ತೇವ ತಾಗಿದರೆ ತಿಳಿಹಸಿರು ಪುಡಿ ಏಳುತ್ತದೆ. ಗಟ್ಟಿ ಕಿಲುಬು ಒಳ್ಳೆಯದು, ಉಗುರಿಗೆ ಉದುರುವ ಪುಡಿ ಕೆಟ್ಟದ್ದು. ಮಂಗಳೂರು, ಕಾರವಾರದವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಲೇಬೇಕು. ಪುಡಿ ಕಂಡರೆ ಆ ನಾಣ್ಯವನ್ನು ಬೇರೆ ಇಟ್ಟು, ಪುಡಿ ಕೆರೆದು ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ವಾಷಿಂಗ್ ಸೋಡಾ, ಅಡುಗೆ ಸೋಡಾ ಸ್ವಲ್ಪ ಸ್ವಲ್ಪ ಕರಗಿಸಿ ನೆನೆಸಿ. ಕೆಲವು ವಾರ, ನೀರು ಬದಲಿಸುತ್ತಾ. ಆಮೇಲೆ ಬರಿಯ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ.

ಇಡಲು ಮೆತ್ತನೆಯ ಪಿವಿಸಿ ಚೀಲ ಬೇಡ, ಅದು ಬೆವರಿ ನಾಣ್ಯಕ್ಕೆ ಅಂಟುತ್ತದೆ. ಕಾಗದದ ಪುಟ್ಟ ಲಕೋಟೆ, ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಹೊಸ ಬೂಟಿನ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ ಸಾಕು.

ಹೆಜ್ಜೆ 8: ಚೀಟಿ ಬರೆಯಿರಿ

ನಾಣ್ಯ ಬಂದ ದಿನವೇ ಬರೆಯಿರಿ, ನಾಳೆ ಅಂದರೆ ಆಗುವುದಿಲ್ಲ. ಯಾರ ನಾಣ್ಯ, ಯಾವ ಟಂಕಸಾಲೆ, ತೂಕ, ಅಗಲ, ಆರ್‌ಐಸಿ ಸಂಖ್ಯೆ, ಎಲ್ಲಿ ಕೊಂಡದ್ದು, ಯಾವತ್ತು, ಎಷ್ಟಕ್ಕೆ. ಹಳೆಯ ಮಾಲೀಕರ ಚೀಟಿ ಜೊತೆಗೆ ಬಂದಿದ್ದರೆ ಅದು ಎಷ್ಟೇ ಹರಿದಿದ್ದರೂ ಎಸೆಯಬೇಡಿ, ಅದೇ ಲಕೋಟೆಯಲ್ಲಿಡಿ. ನನ್ನ ಡೆಸೆಂಟಿಯಸ್ ಜೊತೆ ಪೆನ್ಸಿಲಿನಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಒಂದು ತುಂಡು ಕಾಗದ ಬಂದಿದೆ. ಅದರಲ್ಲಿ ಟಂಕಸಾಲೆಯ ಹೆಸರು ತಪ್ಪಾಗಿದೆ. ಅದರ ಕೆಳಗೆ ನನ್ನ ಚೀಟಿ ಸೇರಿಸಿ, ಲಿಯೋನ್ ಎಂದು ಬರೆದು, ಎರಡನ್ನೂ ಒಟ್ಟಿಗೇ ಮಡಿಸಿ ಇಟ್ಟಿದ್ದೇನೆ.